ಪದಚರ್ಚೆ: ಗಾಡಿ ಹಿಂದೆ ‘ಕೂತಿದೆ’ ಅಂದರೆ ಯಾವ ದೋಷ?

ನಮಸ್ಕಾರ ಗೆಳೆಯರೇ,

ಮರ್ಸಿಡಿಸ್ ಡಬ್ಲ್ಯೂ 124 ಸರಣಿಯ ಸ್ಟೇಷನ್ ವ್ಯಾಗನ್‌ಗೆ ಕನ್ನಡದಲ್ಲಿ ರಿಪೇರಿ ಟಿಪ್ಪಣಿ ಬರೆಯುತ್ತಿದ್ದೇನೆ. ಹಿಂದಿನ ಸಸ್ಪೆನ್ಷನ್ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಡಿಕ್ಕಿಗೆ ಲಗೇಜ್ ತುಂಬಿದಾಗ ತಗ್ಗುವ ಹಿಂಭಾಗ, ಇಂಜಿನ್ ಓಡುತ್ತಿದ್ದರೆ ತಾನೇ ಎದ್ದು ಮೊದಲಿನ ಎತ್ತರಕ್ಕೆ ಬರುವ ಏರ್ಪಾಡು ಇದು. ಹಿಂದಿನ ಆಂಟಿ ರೋಲ್ ಬಾರ್‌ನಿಂದ (ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸರಳು) ಒಂದು ಚಿಕ್ಕ ಕಡ್ಡಿ ವಾಲ್ವ್‌ಗೆ ಹೋಗಿರುತ್ತದೆ. ಗಾಡಿ ತಗ್ಗಿದರೆ ಆ ಕಡ್ಡಿ ವಾಲ್ವ್ ತಿರುಗಿಸುತ್ತದೆ, ಪಂಪಿನ ಎಣ್ಣೆ ಶಾಕ್‌ಗಳಿಗೆ (ಶಾಕ್ ಅಬ್ಸಾರ್ಬರ್) ನುಗ್ಗುತ್ತದೆ.

ಇದಕ್ಕೆ ‘ಸ್ವಯಂ ಸಮತಲನ’ ಅನ್ನುವುದು ನನಗೆ ಒಗ್ಗಲಿಲ್ಲ. ಗಾರೆಯವರು ರಸಮಟ್ಟ ಇಟ್ಟು ಮಟ್ಟ ನೋಡುತ್ತಾರೆ ಅಲ್ವಾ, ಅದನ್ನೇ ಹಿಡಿದು ‘ತಾನೇ ಮಟ್ಟಕ್ಕೆ ಬರುವ ಸಸ್ಪೆನ್ಷನ್’ ಅಂತ ಬರೆದಿದ್ದೇನೆ. ಇದರ ಬಗ್ಗೆ ಜಾಸ್ತಿ ಜಗಳ ಬೇಡ.

ತೊಡಕಿರುವುದು ದೋಷದ ಮಾತುಗಳಲ್ಲಿ. ಲೋಡ್ ಹಾಕಿ ಇಂಜಿನ್ ಓಡಿಸಿದರೂ ಹಿಂಭಾಗ ಮೇಲೆ ಬರದಿದ್ದರೆ ಮೊದಲು ಎಣ್ಣೆ ಎಷ್ಟಿದೆ ನೋಡಬೇಕು, ಆಮೇಲೆ ಆ ಕಡ್ಡಿ, ವಾಲ್ವ್, ಪಂಪ್. ಸರಿಯಾಗಿದ್ದ ಗಾಡಿ ನಿಲ್ಲಿಸಿದಲ್ಲೇ ಬೆಳಗಾಗುವಷ್ಟರಲ್ಲಿ ತಗ್ಗಿದ್ದರೆ ಎಲ್ಲೋ ಒತ್ತಡ ಸೋರಿದೆ, ಹೊರಗೆ ಎಣ್ಣೆ ಕಾಣದಿದ್ದರೆ ವಾಲ್ವ್ ಒಳಗೇ ಸೋರಿರಬಹುದು. ಗ್ಯಾರೇಜಿನಲ್ಲಿ ಎರಡಕ್ಕೂ ‘ಹಿಂದೆ ಕೂತಿದೆ’ ಅಂದುಬಿಡುತ್ತಾರೆ. ಟಿಪ್ಪಣಿಯಲ್ಲಿ ಮೊದಲನೆಯದಕ್ಕೆ ‘ಏಳುತ್ತಿಲ್ಲ’, ಎರಡನೆಯದಕ್ಕೆ ಮಾತ್ರ ‘ಕೂರುತ್ತಿದೆ’ ಅಂತ ಇಟ್ಟರೆ ಓದುವವರಿಗೆ ಗೊತ್ತಾಗುತ್ತದಾ? ‘ಕುಸಿದಿದೆ’ ಬೇಡ. ಭಾರದ ದೊಡ್ಡ ಪಾಲನ್ನು ಉಕ್ಕಿನ ಸ್ಪ್ರಿಂಗ್‌ಗಳೇ ಹೊರುವುದರಿಂದ ಒತ್ತಡ ಪೂರ್ತಿ ಹೋದರೂ ಗಾಡಿ ನೆಲಕ್ಕೆ ಬೀಳುವುದಿಲ್ಲ, ಆ ಪದ ಸುಮ್ನೆ ಹೆದರಿಸುತ್ತದೆ.

ಇನ್ನೊಂದು ದೋಷದಲ್ಲಿ ಎತ್ತರ ಸರಿಯಾಗೇ ಇರುತ್ತದೆ. ಆದರೆ ರಸ್ತೆಯ ಸಣ್ಣ ಗುಂಡಿಗೂ ಹಿಂಭಾಗ ಗಡುಸಾಗಿ ಎಗರುತ್ತದೆ. ಎರಡೂ ಕಡೆ ನೈಟ್ರೋಜನ್ ತುಂಬಿದ ಉಕ್ಕಿನ ಗುಂಡುಗಳಿವೆ, ಒಳಗೆ ಗ್ಯಾಸ್ ಮತ್ತು ಎಣ್ಣೆ ಬೇರೆ ಮಾಡುವ ರಬ್ಬರ್ ಪೊರೆ. ಪೊರೆ ಹರಿದರೆ ಅಥವಾ ಗ್ಯಾಸ್ ಹೋದರೆ ಅಮುಕಲು ಏನೂ ಉಳಿಯುವುದಿಲ್ಲ, ಎಣ್ಣೆ ಅಮುಕಿದರೆ ಕುಗ್ಗುವುದಿಲ್ಲವಲ್ಲ. ಈ ಗುಂಡುಗಳಿಗೆ ‘ಸಂಚಾಯಕ’ (ಇಂಗ್ಲಿಷಿನ ಅಕ್ಯುಮುಲೇಟರ್, ಬ್ಯಾಟರಿಗೂ ಅದೇ ಪದ) ಅಂತ ಬರೆದರೆ ಓದುಗ ಬಾನೆಟ್ ತೆಗೆದು ಬ್ಯಾಟರಿ ನೋಡಲು ಹೋಗುತ್ತಾನೆ! ‘ಗ್ಯಾಸ್ ಗುಂಡು’ ಸಾಕಲ್ವಾ?

ಕೊನೆಗೆ ಸೋರುವುದು, ಒಸರುವುದು. ಶಾಕ್ ಮೇಲೆ ಬರೀ ಎಣ್ಣೆ ಪಸೆ ಇದ್ದರೆ ‘ಒಸರು’, ಗಮನಿಸುತ್ತಾ ಓಡಿಸಬಹುದು. ತೊಟ್ಟಿಕ್ಕಿದರೆ ‘ಸೋರು’, ರಿಪೇರಿಯಾಗಲೇಬೇಕು, ಅದೂ ಒತ್ತಡ ಇಳಿಸಿದ ಮೇಲೇ ಪೈಪ್ ಬಿಚ್ಚಬೇಕು. ಮಂಡ್ಯ, ಧಾರವಾಡ, ಕರಾವಳಿ ಕಡೆಯವರಿಗೂ ‘ಒಸರು’ ಇದೇ ಅರ್ಥ ಕೊಡುತ್ತದಾ, ಇಲ್ಲಾ ‘ಜಿನುಗು’ ಅನ್ನಬೇಕಾ?