ಕುಟುಂಬ, ಮಕ್ಕಳು, ಹಿರಿಯರು: ಚಿಕ್ಕ ಸಂಸ್ಥೆಯೊಂದು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಮ್ಮ ಸ್ವಯಂಸೇವಾ ಸಂಸ್ಥೆಯು ಇದುವರೆಗೆ ಮಕ್ಕಳಿಗೆ ಸಂಜೆಯ ಪಾಠಗಳನ್ನು ಮಾತ್ರ ನಡೆಸುತ್ತಿತ್ತು. ಪೋಷಕರಿಗೂ ಒಂಟಿಯಾಗಿರುವ ಹಿರಿಯರಿಗೂ ನೆರವಾಗಬೇಕೆಂಬ ಬಯಕೆಯಿದೆ. ಹಣವೂ ಕಾರ್ಯಕರ್ತರೂ ಕಡಿಮೆಯಿರುವಾಗ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1: ಇವನ್ನು ಬೇರೆ ಬೇರೆ ಯೋಜನೆಗಳೆಂದು ಭಾವಿಸಬೇಡಿ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುವ ಮಗಳಿಗೆ ತನ್ನ ಮಗುವಿನ ಓದಿನ ಕಡೆ ಗಮನ ಕೊಡಲು ಬಿಡುವೇ ಇರುವುದಿಲ್ಲ; ತರಬೇತಿ ಪಡೆದ ಕಾರ್ಯಕರ್ತರೊಬ್ಬರು ವಾರಕ್ಕೆ 3 ಗಂಟೆ ಆ ತಂದೆಯ ಬಳಿ ಕುಳಿತರೂ ಸಾಕು, ಒಂದೇ ನೆರವು ಮೂರು ತಲೆಮಾರುಗಳನ್ನು ತಲುಪುತ್ತದೆ. ಮಗುವನ್ನು ಬೆಳೆಸುವ ಪೋಷಕರಿಗೆ ಸರ್ಕಾರಗಳು ಸೂಕ್ತ ನೆರವು ನೀಡಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿಯೇ ಹೇಳುತ್ತದೆ.

ಉತ್ತರ 2: ಒಪ್ಪುತ್ತೇನೆ. ಆದರೆ ಹಿರಿಯರನ್ನು ನೆರವು ಪಡೆಯುವವರೆಂದಷ್ಟೇ ಕಾಣುವುದು ನನಗೆ ಸರಿಯೆನಿಸುವುದಿಲ್ಲ. ನಿಮ್ಮ ಸಂಜೆಯ ಪಾಠಗಳಲ್ಲಿ ಕಥೆ ಓದಿ ಹೇಳಲು, ಲೆಕ್ಕ ಕಲಿಸಲು ಅವರನ್ನೇ ಕರೆಯಿರಿ. ಒಂಟಿತನ ತಗ್ಗುತ್ತದೆ, ಮಕ್ಕಳಿಗೂ ತಾಳ್ಮೆಯಿರುವ ಗುರುಗಳು ದೊರೆಯುತ್ತಾರೆ. ಮಕ್ಕಳೊಂದಿಗೆ ಕೆಲಸ ಮಾಡುವ ಪ್ರತಿಯೊಬ್ಬರ ಪೂರ್ವಾಪರವನ್ನು ಮಾತ್ರ ತಪ್ಪದೆ ಪರಿಶೀಲಿಸಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಮೊದಲು ಪಾಠಕ್ಕೆ ಬರುವ ಮಕ್ಕಳ ಮನೆಗಳಿಗೇ ಹೋಗಿ, ಆರೈಕೆಯ ಹೊರೆ ಯಾರ ಮೇಲಿದೆಯೆಂದು ವಿಚಾರಿಸುತ್ತೇವೆ.