ಬೈಕಿನ ಆಯಿಲ್ ಬದಲಿಸಿದ ಮೇಲೆ ಗೇರ್ ಗಟ್ಟಿ, ಇಂಜಿನ್ ಭಾರ. ಬೇರೆ ಯಾವ ಆಯಿಲ್ ಹಾಕಲಿ?

ಗೇರ್‌ಗಿರಾಕಿ
ತಲೆ ಕೆಟ್ಟು ಹೋಗಿದೆ. ಬೆಣ್ಣೆಯ ಹಾಗೆ ಓಡುತ್ತಿದ್ದ ಗಾಡಿ. ಸರ್ವಿಸಿಗೆ ಬಿಡೋದು ಯಾಕೆ ಅಂತ ಈ ಸಲ ನಾನೇ ಆಯಿಲ್ ಬದಲಿಸಿದೆ. ಇಂಜಿನ್ ಬಿಸಿ ಮಾಡಿ ಹಳೇದು ಇಳಿಸಿದೆ, ಹೊಸದು ಹಾಕಿದೆ. ಎಲ್ಲಾ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇರುವ ಹಾಗೇ. ಈಗ ಫಸ್ಟ್‌ನಿಂದ ಸೆಕೆಂಡಿಗೆ ಹಾಕಬೇಕಾದರೆ ಒದೆಯಬೇಕು. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಆಕ್ಸಿಲರೇಟರ್ ಕೊಟ್ಟರೂ ಗಾಡಿ ಮುಂದಕ್ಕೆ ಹೋಗಲು ಮನಸ್ಸು ಮಾಡಲ್ಲ. ಆಯಿಲ್ ಒಳ್ಳೇ ಕಂಪನಿದೇ, ಸೀಲ್ ಇತ್ತು, ಡುಪ್ಲಿಕೇಟ್ ಅಲ್ಲ. ಇದನ್ನು ಚೆಲ್ಲಿ ಬೇರೆ ಯಾವುದು ಹಾಕಲಿ, ಅಷ್ಟು ಹೇಳಿ ಸಾಕು.

ಕ್ಲಚ್‌ಪ್ಲೇಟ್
ಯಾವ ಗಾಡಿ? ಆಯಿಲ್ ಯಾವ ಗ್ರೇಡು, ಅಂದರೆ ಎಷ್ಟು ದಪ್ಪದ್ದು?

ಗೇರ್‌ಗಿರಾಕಿ
150 ಸಿಸಿ, ಸಿಂಗಲ್ ಸಿಲಿಂಡರ್. ಗ್ರೇಡು ಮಾಮೂಲಿ.

ಎಣ್ಣೆಪುರಾಣ
ಮಾಮೂಲಿ ಅನ್ನೋ ಗ್ರೇಡು ಇನ್ನೂ ಹುಟ್ಟಿಲ್ಲ ಗುರು. ನೀವು 20ಡಬ್ಲ್ಯೂ-50 ಹಾಕಿದ್ದೀರಿ, ಬರೆದು ಕೊಡುತ್ತೇನೆ. ಈಗಿನ 150 ಸಿಸಿ ಇಂಜಿನ್‌ಗಳು ತೆಳು ಆಯಿಲ್ ಕೇಳುತ್ತವೆ. ದಪ್ಪದ್ದು ಹಾಕಿದರೆ ತಣ್ಣಗಿದ್ದಾಗ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಲಿವರ್ ಪೂರ್ತಿ ಹಿಡಿದರೂ ಬಿಡಿಸಿಕೊಳ್ಳಲ್ಲ. ಆಗ ಗೇರ್ ಗಟ್ಟಿ, ನ್ಯೂಟ್ರಲ್ ನಾಪತ್ತೆ. ನೀವು ಹೇಳಿದ ಲಕ್ಷಣ ಎಲ್ಲಾ ಕೂಡಿ ಬಂತಲ್ವಾ? 10ಡಬ್ಲ್ಯೂ-30 ಹಾಕಿ, ಕೇಸು ಮುಗೀತು.

ಸಿಂಥೆಟಿಕ್‌ಭಕ್ತ
ಗ್ರೇಡು ಗಿಗ್ರೇಡು ಬಿಡಿ. ಮಿನರಲ್ (ಕಚ್ಚಾ ತೈಲದಿಂದ ತೆಗೆದ ಮಾಮೂಲಿ ಆಯಿಲ್) ಹಾಕಿರುತ್ತಾರೆ. ಫುಲ್ಲಿ ಸಿಂಥೆಟಿಕ್ (ಕೃತಕವಾಗಿ ತಯಾರಿಸಿದ್ದು) ಹಾಕಿ ನೋಡಿ, ಗೇರ್ ಬಿದ್ದದ್ದೇ ಗೊತ್ತಾಗಲ್ಲ. ನನ್ನ ಗಾಡಿಗೆ ಅದು ಬಿಟ್ಟು ಬೇರೆ ಮುಟ್ಟಿಸಿಲ್ಲ.

ರೆಂಚುರಾಯ
ಹಾಕಿ ಹಾಕಿ. ಆಮೇಲೆ ಕ್ಲಚ್ ಜಾರುತ್ತದೆ ಅಂತ ಇಲ್ಲೇ ಬಂದು ಅಳಿ. ಸಿಂಥೆಟಿಕ್ ಜಾಸ್ತಿ ನುಣುಪು.

ಕ್ಲಚ್‌ಪ್ಲೇಟ್
ಈ ಮಾತು ಎಷ್ಟು ವರ್ಷ ಓಡುತ್ತೋ ಮಾರಾಯ. ಸಿಂಥೆಟಿಕ್ ಆದ ಮಾತ್ರಕ್ಕೆ ಕ್ಲಚ್ ಜಾರಲ್ಲ. ಅದರೊಳಗೆ ಬೆರೆಸಿರುವ ಫ್ರಿಕ್ಷನ್ ಮಾಡಿಫೈಯರ್‌ನಿಂದ, ಅಂದರೆ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕದಿಂದ ಜಾರುತ್ತದೆ. ಕಾರಿನ ಆಯಿಲ್‌ನಲ್ಲಿ, ಅದರಲ್ಲೂ ತೆಳು ಗ್ರೇಡುಗಳಲ್ಲಿ, ಮೈಲೇಜಿಗೆ ಅಂತ ಅದನ್ನು ಸೇರಿಸುತ್ತಾರೆ. ಕಾರಿನ ಕ್ಲಚ್ ಆಯಿಲ್ ಒಳಗೆ ಮುಳುಗಿರಲ್ಲ, ನಡೆಯುತ್ತದೆ. ನಮ್ಮ ಗಾಡಿಗಳಲ್ಲಿ ಇಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲ್ ಕುಡಿಯುತ್ತವೆ. ಅದಕ್ಕೇ ಜಪಾನಿನವರು 1998ರಲ್ಲಿ ಜಾಸೊ ಟಿ903 ಅಂತ ಬೇರೆ ಮಾನದಂಡ ತಂದರು. ಎಂಎ ಅಂದರೆ ವೆಟ್ ಕ್ಲಚ್‌ಗೆ, ಅಂದರೆ ಹೀಗೆ ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗೆ ಸರಿ. 2006ರಲ್ಲಿ ಅದನ್ನೇ ಎಂಎ1, ಎಂಎ2 ಅಂತ ಒಡೆದರು, ಎಂಎ2ನಲ್ಲಿ ಹಿಡಿತ ಇನ್ನೂ ಜಾಸ್ತಿ. ಎಂಬಿ ಇರೋದು ಗೇರ್ ಇಲ್ಲದ ಸ್ಕೂಟರಿಗೆ. ಡಬ್ಬದ ಹಿಂದೆ ಇದನ್ನು ನೋಡಿ. ಮುಂದೆ ಮಿನುಗುವ ಅಕ್ಷರದಲ್ಲಿ ಬರೆದಿರೋದೆಲ್ಲ ಸುಮ್ನೆ.

ಗೇರ್‌ಗಿರಾಕಿ
ಡಬ್ಬ ನೋಡಿದೆ. 10ಡಬ್ಲ್ಯೂ-30, ಎಪಿಐ ಎಸ್‌ಎನ್ (ಗುಣಮಟ್ಟದ ದರ್ಜೆ), ಜಾಸೊ ಎಂಎ2. ಸೆಮಿ ಸಿಂಥೆಟಿಕ್. ಪುಸ್ತಕದಲ್ಲೂ 10ಡಬ್ಲ್ಯೂ-30 ಅಂತಲೇ ಇದೆ. ಹೇಳಿದೆನಲ್ಲ, ಮಾಮೂಲಿ ಅಂತ.

ಎಣ್ಣೆಪುರಾಣ
ಹಾಗಾದರೆ ಎಂಎ2ದೇ ತೊಂದರೆ. ಹಿಡಿತ ಜಾಸ್ತಿ, ಕ್ಲಚ್ ಬಿಡುತ್ತಿಲ್ಲ. ಎಂಎ1 ಹುಡುಕಿ.

ಕ್ಲಚ್‌ಪ್ಲೇಟ್
ನಿನ್ನೆ ದಪ್ಪ, ಇವತ್ತು ಹಿಡಿತ. ಲಿವರ್ ಹಿಡಿದಾಗ ಪ್ಲೇಟುಗಳ ನಡುವೆ ಸಂದು ಆಗುತ್ತದೆ ಸ್ವಾಮಿ, ಅಲ್ಲಿ ಎಂಎ1 ಆದರೇನು, ಎಂಎ2 ಆದರೇನು?

ಹಳೇಪಿಸ್ಟನ್
ಎಷ್ಟು ಹಾಕಿದಿರಿ? ಲೆವೆಲ್ ಹೇಗೆ ನೋಡಿದಿರಿ?

ರೆಂಚುರಾಯ
ನನಗೆ ಡ್ರೈನ್ ಬೋಲ್ಟಿನ ಮೇಲೆ ಅನುಮಾನ. ವಾಷರ್ ಹೊಸದು ಹಾಕಿದರಾ? ಹಳೇದನ್ನೇ ತಿರುಗಿಸಿ ಹಾಕುವವರನ್ನು ಕಂಡರೆ ನನಗೆ ಉರಿಯುತ್ತದೆ. ಅಲ್ಯೂಮಿನಿಯಂ ವಾಷರ್ ಒಮ್ಮೆ ಅಮುಕಿತು ಅಂದರೆ ಮುಗೀತು. ಆಮೇಲೆ ಸೋರುತ್ತೆ ಅಂತ ಇನ್ನಷ್ಟು ಬಿಗಿ ಮಾಡುತ್ತಾರೆ, ಕೇಸಿನ ಮರೆ (ಥ್ರೆಡ್) ಹೋಗುತ್ತದೆ.

ಸಿಂಥೆಟಿಕ್‌ಭಕ್ತ
ವಾಷರಿಗೂ ಗೇರ್ ಗಟ್ಟಿ ಆಗೋದಕ್ಕೂ ಏನು ಸಂಬಂಧ? ಅಂದ ಹಾಗೆ ನಾನು ಟಾರ್ಕ್ ರೆಂಚ್ ಇಲ್ಲದೆ ಬೋಲ್ಟ್ ಮುಟ್ಟಲ್ಲ. ಡ್ರೈನ್ ಬೋಲ್ಟಿಗೆ ಅಯಸ್ಕಾಂತ ಹಾಕಿಸಿದ್ದೇನೆ. ಆಯಿಲ್ ಕೂಲರ್ ಇದೆ, ಟೆಂಪರೇಚರ್ ಮೀಟರ್ ಹ್ಯಾಂಡಲ್ ಮೇಲೇ ಇದೆ. ಫೋಟೋ ಹಾಕುತ್ತೇನೆ ಇರಿ.

ರೆಂಚುರಾಯ
ಸಂಬಂಧ ಇದೆ ಅಂತ ನಾನೆಲ್ಲಿ ಹೇಳಿದೆ? ಕೇಳಿದೆ ಅಷ್ಟೆ. ಕೂಲರಿಗೆ ಯಾವ ಹೋಸ್ ಹಾಕಿದ್ದೀರಿ?

ಗೇರ್‌ಗಿರಾಕಿ
ಫೋಟೋ ಆಮೇಲೆ ಹಾಕಿಕೊಳ್ಳಿ. ಇಲ್ಲಿ ಗಾಡಿ ಕೆಳಗೆ ಮತ್ತೆ ಆಯಿಲ್ ಬಿದ್ದಿದೆ.

ಕ್ಲಚ್‌ಪ್ಲೇಟ್
ಮತ್ತೆ ಅಂದರೆ?

ಗೇರ್‌ಗಿರಾಕಿ
ಬದಲಿಸಿದ ಮಾರನೇ ದಿನದಿಂದ ಸ್ವಲ್ಪ ಸ್ವಲ್ಪ ತೊಟ್ಟಿಕ್ಕುತ್ತಿದೆ. ಹಾಕುವಾಗ ಚೆಲ್ಲಿದ್ದು ಅಂದುಕೊಂಡಿದ್ದೆ. ಡ್ರೈನ್ ಬೋಲ್ಟ್ ಒಣಗಿದೆ. ಏರ್ ಫಿಲ್ಟರ್ ಡಬ್ಬದ ಕೆಳಗೆ ಒಂದು ಪುಟ್ಟ ರಬ್ಬರ್ ಪೈಪ್ ನೇತಾಡುತ್ತದಲ್ಲ, ತುದಿ ಮುಚ್ಚಿರುತ್ತದೆ. ಅದರ ತುಂಬ ಆಯಿಲ್. ತುದಿಯ ಮುಚ್ಚಳದ ಸುತ್ತ ಜಿನುಗುತ್ತಿದೆ. ಕಪ್ಪಾಗಿಲ್ಲ, ಹೊಸ ಆಯಿಲ್ ಬಣ್ಣವೇ.

ಹಳೇಪಿಸ್ಟನ್
ಇದನ್ನು ಮೊದಲೇ ಹೇಳಬಾರದಾ. ನನ್ನ ಪ್ರಶ್ನೆ ಮೇಲೆ ಹಾಗೇ ಇದೆ. ಎಷ್ಟು ಹಾಕಿದಿರಿ? ಆಯಿಲ್ ಫಿಲ್ಟರ್ ಬದಲಿಸಿದಿರಾ? ಲೆವೆಲ್ ನೋಡುವಾಗ ಗಾಡಿ ಯಾವ ಸ್ಟ್ಯಾಂಡ್ ಮೇಲಿತ್ತು?

ಗೇರ್‌ಗಿರಾಕಿ
ಪುಸ್ತಕದಲ್ಲಿ 1.2 ಲೀಟರ್ ಇದೆ, ಅಷ್ಟೇ ಹಾಕಿದೆ. ಫಿಲ್ಟರ್ ಹೋದ ಸರ್ವಿಸ್‌ನಲ್ಲಿ ಬದಲಾಗಿತ್ತು, ಮುಟ್ಟಲಿಲ್ಲ. ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿದರೆ ಕಡಿಮೆ ತೋರಿಸಿತು, ಮೇಲೆ ಸ್ವಲ್ಪ ಸೇರಿಸಿದೆ.

ಹಳೇಪಿಸ್ಟನ್
ಅದೇ ಪುಟ ಮತ್ತೊಮ್ಮೆ ತೆಗೆಯಿರಿ. ಆಯಿಲ್ ಪ್ರಮಾಣಕ್ಕೆ ಎಷ್ಟು ಸಾಲು ಇವೆ?

ಗೇರ್‌ಗಿರಾಕಿ
ಮೂರು. ಆಯಿಲ್ ಮಾತ್ರ ಬದಲಿಸಿದರೆ 1.0. ಫಿಲ್ಟರ್ ಸಮೇತ ಆದರೆ 1.1. ಇಂಜಿನ್ ಬಿಚ್ಚಿದಾಗ 1.2.

ಹಳೇಪಿಸ್ಟನ್
ಕೊನೆಯ ಅಂಕಿ ಇಂಜಿನ್ ಬಿಚ್ಚಿ, ಒರೆಸಿ, ಒಣಗಿಸಿ ಮತ್ತೆ ಕಟ್ಟಿದಾಗಿನದು. ಡ್ರೈನ್ ಬೋಲ್ಟ್ ಬಿಚ್ಚಿದರೆ ಎಲ್ಲಾ ಆಯಿಲ್ ಬರಲ್ಲ. ಫಿಲ್ಟರ್ ಒಳಗೆ, ಕ್ಲಚ್ ಬುಟ್ಟಿಯಲ್ಲಿ, ಸಂದುಗೊಂದಿಗಳಲ್ಲಿ ಉಳಿದೇ ಉಳಿಯುತ್ತದೆ. ಅದರ ಮೇಲೆ 1.2 ಸುರಿದರೆ 200 ಮಿ.ಲೀ. ಜಾಸ್ತಿ.

ಇನ್ನು ಸೈಡ್ ಸ್ಟ್ಯಾಂಡ್. ಗಾಡಿ ಎಡಕ್ಕೆ ವಾಲಿರುತ್ತದೆ, ಆಯಿಲ್ ಎಡಕ್ಕೆ ಸರಿಯುತ್ತದೆ. ಡಿಪ್‌ಸ್ಟಿಕ್ ಬಲಗಡೆ ಇದ್ದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನೀವು ಅದನ್ನು ನಂಬಿ ಇನ್ನಷ್ಟು ಹಾಕಿದಿರಿ. ಲೆವೆಲ್ ಮೇಲೆ ಬಂದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ತಿರುಗುತ್ತಾ ಆಯಿಲನ್ನೇ ಬಡಿಯುತ್ತದೆ. ಇಂಜಿನ್ ಭಾರ ಅನ್ನಿಸುವುದು ಅದಕ್ಕೇ. ಬಡಿದ ಆಯಿಲ್ ನೊರೆಯಾಗುತ್ತದೆ, ಗೇರಿಗೂ ಕ್ಲಚ್‌ಗೂ ಅದೇ ನೊರೆ. ಒಳಗಿನ ಗಾಳಿಗೆ ಜಾಗ ಸಾಲದೆ ಬ್ರೀದರ್ ಪೈಪ್ ಹಿಡಿದು ಆಯಿಲ್ ಸಮೇತ ಏರ್ ಫಿಲ್ಟರ್ ಡಬ್ಬಕ್ಕೆ ಹೋಗುತ್ತದೆ. ನೀವು ನೋಡಿದ ಪುಟ್ಟ ಪೈಪಿನಲ್ಲಿ ಇಳಿದಿರೋದು ಅದೇ.

ಆಯಿಲ್ ಚೆಲ್ಲಬೇಡಿ, ಅದು ಸರಿಯಾದ ಆಯಿಲೇ. ದೊಡ್ಡ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಡಿಪ್‌ಸ್ಟಿಕ್ ತೂತಿನಿಂದ ಎಳೆಯಿರಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಮೂರು ನಿಮಿಷ ಓಡಿಸಿ ಆಫ್ ಮಾಡಿ, ಎರಡು ಮೂರು ನಿಮಿಷ ಬಿಡಿ. ಡಿಪ್‌ಸ್ಟಿಕ್ ಒರೆಸಿ ಮತ್ತೆ ಇಳಿಸಿ. ತುಂಬ ಗಾಡಿಗಳಲ್ಲಿ ಅದನ್ನು ತಿರುಗಿಸದೆ ಸುಮ್ನೆ ಕೂರಿಸಿ ನೋಡಬೇಕು. ನಿಮ್ಮದಕ್ಕೆ ಹೇಗೆ ಅಂತ ಅದೇ ಪುಟದಲ್ಲಿ ಇರುತ್ತದೆ. ಎರಡು ಗೆರೆಗಳ ನಡುವೆ ಬಂದರೆ ಸಾಕು, ಮೇಲಿನ ಗೆರೆ ಮುಟ್ಟಿಸಲೇಬೇಕು ಅಂತಿಲ್ಲ.

ಎಣ್ಣೆಪುರಾಣ
ಜಾಸ್ತಿ ಆಗಿರಬಹುದು, ಇಲ್ಲ ಅನ್ನಲ್ಲ. ಆದರೂ ಎಂಎ1 ಒಮ್ಮೆ ನೋಡಬಹುದಿತ್ತು.

ಗೇರ್‌ಗಿರಾಕಿ
ಎಳೆದೆ. 300 ಮಿ.ಲೀ.ಗಿಂತ ಸ್ವಲ್ಪ ಜಾಸ್ತಿಯೇ ಬಂತು, ಪೈಪಿನಲ್ಲಿ ಹೋದದ್ದು ಬೇರೆ. ಇಂಜಿನ್ ಹಗುರವಾಯಿತು. ಸೆಕೆಂಡ್ ಗೇರ್ ಬೆರಳು ಮುಟ್ಟಿಸಿದರೆ ಬೀಳುತ್ತದೆ. ಹಳೇಪಿಸ್ಟನ್ ಸಾರ್, ಥ್ಯಾಂಕ್ಸ್. ಏರ್ ಫಿಲ್ಟರ್ ತೆಗೆದು ನೋಡಿದರೆ ಕೆಳಗಿನ ಅರ್ಧ ಒದ್ದೆ. ಪೆಟ್ರೋಲಿನಲ್ಲಿ ತೊಳೆಯಲಾ?

ರೆಂಚುರಾಯ
ತೊಳೆದು ಬಿಸಿಲಿಗಿಡಿ, ಸಾಕು.

ಕ್ಲಚ್‌ಪ್ಲೇಟ್
ಪೇಪರ್ ಫಿಲ್ಟರ್ ತೊಳೆಯೋದಾ? ಬದಲಿಸಿ. ಫೋಮ್ ಆಗಿದ್ದರೆ ತೊಳೆಯಬಹುದು, ಅದೂ ಪೆಟ್ರೋಲಿನಲ್ಲಿ ಬೇಡ, ಬೆಂಕಿ ಜೊತೆ ಆಟ. ಡಬ್ಬದ ಒಳಗೂ ಒರೆಸಿ, ಇಲ್ಲದಿದ್ದರೆ ಹೊಸ ಫಿಲ್ಟರೂ ನೆನೆಯುತ್ತದೆ.

ರೆಂಚುರಾಯ
ನಾನು ತೊಳೆದೇ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ.

ಕ್ಲಚ್‌ಪ್ಲೇಟ್
ಆಗಿದ್ದು ಪಿಸ್ಟನ್ ರಿಂಗಿಗೆ ಗೊತ್ತಿರುತ್ತದೆ.

ಸಿಂಥೆಟಿಕ್‌ಭಕ್ತ
ಕೂಲರ್ ಫೋಟೋ ಹಾಕಿದ್ದೇನೆ ನೋಡಿ. ಸ್ಟೀಲ್ ಹೆಣಿಗೆಯ ಹೋಸ್. ಎಷ್ಟೇ ಟ್ರಾಫಿಕ್ ಇದ್ದರೂ ಮುಳ್ಳು ಅಲ್ಲಾಡಲ್ಲ.

ಗೇರ್‌ಗಿರಾಕಿ
ಫಿಲ್ಟರ್ ಪೇಪರಿಂದೇ, ಹೊಸದು ತರುತ್ತೇನೆ. ನ್ಯೂಟ್ರಲ್ ಮಾತ್ರ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಇನ್ನೂ ಸತಾಯಿಸುತ್ತಿದೆ.

ಹಳೇಪಿಸ್ಟನ್
ಕ್ಲಚ್ ಲಿವರ್ ತುದಿಯಲ್ಲಿ ಆಟ ಎಷ್ಟಿದೆ? ತುಂಬ ಗಾಡಿಗಳಿಗೆ 10ರಿಂದ 20 ಮಿ.ಮೀ. ಇರಬೇಕು. ಜಾಸ್ತಿ ಸಡಿಲ ಇದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಸ್ಕೇಲ್ ಇಟ್ಟು ಅಳೆದು ಹೇಳಿ.

ಎಣ್ಣೆಪುರಾಣ
ಅಥವಾ ಎಂಎ1.