ಅಪ್‌ಡೇಟ್: ಮಲ್ಲೇಶ್ವರದ ಮನೆ ರೇಡಿಯೊ ಈಗ ಹೊರಗೂ ಕೇಳ್ತಿದೆ

ಉಬುಂಟು ಕಂಪ್ಯೂಟರಿನಲ್ಲಿ ಐಸ್‌ಕಾಸ್ಟ್ (ಇಂಟರ್ನೆಟ್‌ನಲ್ಲಿ ರೇಡಿಯೊ ಕೇಳಿಸುವ ಸರ್ವರ್ ತಂತ್ರಾಂಶ) ಹಾಕಿದ್ದೇನೆ, ಮನೆ ವೈಫೈನಲ್ಲಿ ಕೇಳುತ್ತೆ, ಹೊರಗಿನವರಿಗೆ ಕೇಳಲ್ಲ ಅಂತ ಸಹಾಯ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು.

ರೂಟರಿನಲ್ಲಿ ಐಸ್‌ಕಾಸ್ಟಿನ 8000 ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ಬಾಗಿಲು) ಸರಿಯಾಗೇ ತೆರೆದಿತ್ತು. ಆದರೆ ನೀವು ಹೇಳಿದಂತೆ ವ್ಯಾನ್ ವಿಳಾಸ (ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ಐಪಿ) ನೋಡಿದರೆ 100.72ರಿಂದ ಶುರು. ಅಂದರೆ ಕಂಪನಿಯ ಸಿಜಿನ್ಯಾಟ್ ವ್ಯವಸ್ಥೆ: ಒಂದೇ ಸಾರ್ವಜನಿಕ ಐಪಿಯನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ. ನಾನು ಯಾವ ಪೋರ್ಟ್ ತೆರೆದರೂ ಹೊರಗಿನ ಸಂಪರ್ಕ ನಮ್ಮ ಮನೆವರೆಗೆ ಬರುವುದೇ ಇಲ್ಲ. ಎರಡು ವಾರ ಫೈರ್‌ವಾಲ್ ಕೆದಕಿದ್ದು ವ್ಯರ್ಥ.

ಐಸ್‌ಕಾಸ್ಟನ್ನು ಬಾಡಿಗೆಯ ಸಣ್ಣ ವಿಪಿಎಸ್‌ಗೆ (ಸಾರ್ವಜನಿಕ ಐಪಿ ಇರುವ ಆನ್‌ಲೈನ್ ಸರ್ವರ್) ಸಾಗಿಸಿದೆ. ಮನೆಯಿಂದ ಲಿಕ್ವಿಡ್‌ಸೋಪ್ ಎಂಬ ತಂತ್ರಾಂಶ ಅಲ್ಲಿಗೆ ಒಂದೇ ಸ್ಟ್ರೀಮ್ ಕಳಿಸುತ್ತದೆ, ಕೇಳುಗರೆಲ್ಲ ಅಲ್ಲಿಂದಲೇ ಕೇಳುತ್ತಾರೆ. 128 ಕೆಬಿಪಿಎಸ್‌ನಲ್ಲಿ 20 ಜನ ಕೇಳಿದರೆ ಬೇಕಾಗುವ ಸುಮಾರು 2.5 ಎಂಬಿಪಿಎಸ್ ಅಪ್‌ಲೋಡ್ ಭಾರವೂ ಮನೆಯ ಸಂಪರ್ಕದ ಮೇಲಿಲ್ಲ. ಮನೆಯಲ್ಲಿ ಕರೆಂಟ್ ಹೋದರೆ ವಿಪಿಎಸ್‌ನಲ್ಲಿ ಫಾಲ್‌ಬ್ಯಾಕ್ ಮೌಂಟಾಗಿ (ಮುಖ್ಯ ಸ್ಟ್ರೀಮ್ ನಿಂತಾಗ ಬದಲಿಗೆ ಬರುವುದು) ಇಟ್ಟ ಫೈಲ್ ಓಡುತ್ತದೆ. ಅದು ಸ್ಟ್ರೀಮಿನ ಫಾರ್ಮ್ಯಾಟಿನಲ್ಲೇ ಇರಬೇಕು, ಇದನ್ನು ಮರೆಯಬೇಡಿ.

1935ರಲ್ಲಿ ಮನೋವಿಜ್ಞಾನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ನಿಲ್ದಾಣ ಶುರುಮಾಡಿದ್ದು ನನಗೆ ದೊಡ್ಡ ಸ್ಫೂರ್ತಿ. ನಿನ್ನೆ ಅದೇ ಮೈಸೂರಿನಲ್ಲಿ ಕೂತು ಚಿಕ್ಕಮ್ಮ ನಮ್ಮಜ್ಜಿ ಹೇಳಿದ ಕಥೆ ಪೂರ್ತಿ ಕೇಳಿ, ಫೋನ್ ಮಾಡಿ ಅತ್ತರು. ದಾರಿ ತೋರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.